ಬೆರಳು ಹಣ್ಣಾಗಲಿ ಅಂತ ಕಾಯಬೇಡಿ

ಆರೋಗ್ಯ ಕೇಂದ್ರಗಳ ವೈದ್ಯರೆಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುವ ಕಾಲ ಶುರುವಾಗಿದೆ. ಇನ್ನು ನಿಮ್ಮ ಆರೋಗ್ಯ ಕೇಂದ್ರಗಳಿಗೆ ಊದಿದ ಬೆರಳುಗಳು ಬರುತ್ತವೆ. ಅದಕ್ಕೇ ಈ ವಿಷಯ. ಕೈಯೊಳಗೆ ಏನೇನಿದೆ ಅಂತ ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಓದಿಸುವುದಿಲ್ಲ.

ನನ್ನ ತಕರಾರು ಒಂದೇ ಮಾತಿನ ಮೇಲೆ. 'ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ.' ಬೆನ್ನಿನ ಕುರುವಿಗೆ ಇದು ನಡೆದೀತು. ಬೆರಳಿಗೆ ನಡೆಯುವುದಿಲ್ಲ. ಬೆರಳ ತುದಿಯಲ್ಲಿ ಚರ್ಮದಿಂದ ಮೂಳೆಯವರೆಗೆ ನಾರಿನ ಗೋಡೆಗಳು, ನಡುವೆ ಸಣ್ಣ ಸಣ್ಣ ಕೋಣೆಗಳು. ಕೀವಿಗೆ ಹಿಗ್ಗಲು ಜಾಗವೇ ಇಲ್ಲ. ಒತ್ತಡ ಏರುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ, ಮೂಳೆ ಸಾಯುತ್ತದೆ. ಮೇಲೆ ಮೆತ್ತಗಾಗುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ.

ಒಬ್ಬ ತಾಯಿ ನನಗೆ ಪ್ರತಿವರ್ಷ ಈ ಕಾಲಕ್ಕೆ ನೆನಪಾಗುತ್ತಾರೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ತೋರುಬೆರಳಿನ ಒಳಬದಿಗೆ ಕತ್ತಿಯ ಮೊನೆ ಚುಚ್ಚಿತು. ಒಂದು ಹನಿ ರಕ್ತ, ಅಷ್ಟೇ. ಬಟ್ಟೆಚೂರು ಸುತ್ತಿಕೊಂಡು ಮತ್ತೆ ಸುಲಿದರು. ಕೂಲಿ ಲೆಕ್ಕ ಕಿಲೋಗೆ, ಅಲ್ವಾ? ಮರುದಿನ ನೋವು. ಅತ್ತೆ ನಿಂಬೆಹಣ್ಣು ಸಿಕ್ಕಿಸಿದರು. ಆಮೇಲೆ ಅರಿಶಿನ, ಸುಣ್ಣ. ಪಕ್ಕದ ಮನೆಯವರು ಬೇರೊಂದು ಸೊಪ್ಪು ತಂದುಕೊಟ್ಟರು. ನಮ್ಮ ಕಡೆ ಬೆರಳು ಊದಿದರೆ ಇಡೀ ಕೇರಿಯೇ ವೈದ್ಯರಾಗುತ್ತದೆ. ಅದು ಪ್ರೀತಿಯೇ, ನಾನು ಅಲ್ಲಗಳೆಯುವುದಿಲ್ಲ. ನಾಲ್ಕನೇ ದಿನ ಒಂದು ದವಾಖಾನೆಗೆ ಹೋದರು. ಅಲ್ಲಿ ಕೈಯ ಹಿಂಬದಿ ದಪ್ಪಗೆ ಊದಿದ್ದನ್ನು ಕಂಡು ಅಲ್ಲೇ ಕೊಯ್ದರು. ಕೀವು ಬರಲಿಲ್ಲ. ಬರುವುದಾದರೂ ಹೇಗೆ? ಅಂಗೈ ಚರ್ಮ ಬಿಗಿ, ಹಿಂಬದಿಯದು ಸಡಿಲ. ರೋಗ ಮುಂದೆ ಇದ್ದರೂ ಊತ ಹಿಂದೆ ಕಾಣುತ್ತದೆ.

ಐದನೇ ದಿನ ನನ್ನ ಹತ್ತಿರ ಬಂದರು. ಮೊದಲು ಕೇಳಿದ್ದು, 'ರಾತ್ರಿ ನಿದ್ದೆ ಬಂತಾ?' 'ಎರಡು ರಾತ್ರಿಯಿಂದ ಕಂಬಕ್ಕೆ ಒರಗಿ ಕೂತಿದ್ದೇನೆ' ಅಂದರು. ಕೈಯ ನೋವು ಒಂದು ರಾತ್ರಿಯ ನಿದ್ದೆ ಕೆಡಿಸಿತು ಅಂದರೆ ಒಳಗೆ ಕೀವಿದೆ ಅಂತಲೇ ಹಿಡಿಯಿರಿ.

ಬೆರಳು ಅರ್ಧ ಮಡಚಿತ್ತು. ಬುಡದಿಂದ ತುದಿಯವರೆಗೆ ಒಂದೇ ಸಮ ಊದಿತ್ತು. ಬೆರಳು ಮಡಚುವ ಸ್ನಾಯುರಜ್ಜು ಜಾರುವ ಕೊಳವೆ ಇದೆಯಲ್ಲ, ಅದರ ಉದ್ದಕ್ಕೂ ಮುಟ್ಟಿದರೆ ನೋವು. ಮೆಲ್ಲಗೆ ನೇರ ಮಾಡಲು ಹೋದರೆ ಜೀವ ಹೋದಂತೆ ಕೂಗಿದರು. ಶಿಕಾಗೋದ ಶಸ್ತ್ರವೈದ್ಯ ಕನಾವೆಲ್ 1912ರಲ್ಲಿ ಕೈಯ ಸೋಂಕಿನ ಬಗ್ಗೆ ಪುಸ್ತಕ ಬರೆದರು. ಈ ನಾಲ್ಕು ಲಕ್ಷಣಗಳಿಗೆ ಇಂದಿಗೂ ಅವರದೇ ಹೆಸರು. ಸ್ಕ್ಯಾನ್ ಬೇಡ, ನಿಮ್ಮ ಬೆರಳ ತುದಿ ಸಾಕು.

ಅಂದು ರಾತ್ರಿಯೇ ತೆರೆದೆ. ರಕ್ತ ಹರಿಯದಂತೆ ತೋಳನ್ನು ಬಿಗಿಯುವ ಟೂರ್ನಿಕೆಟ್ ಹಾಕುವ ಮುಂಚೆ ಕೈಗೆ ಪಟ್ಟಿ ಸುತ್ತಿ ರಕ್ತ ಹಿಂಡಬೇಡಿ, ಸೋಂಕು ಮೇಲಕ್ಕೆ ಹೋಗುತ್ತದೆ. ಸುಮ್ನೆ ಕೈ ಎತ್ತಿ ಹಿಡಿದರೆ ಸಾಕು. ಬೇಗ ಬಂದವರಿಗೆ ಎರಡು ಸಣ್ಣ ಗಾಯ ಮಾಡಿ, ನಳಿಕೆಯಿಂದ ಸಲೈನ್ ಹರಿಸಿ ಕೊಳವೆ ತೊಳೆಯಬಹುದು. ಇವರದು ಆ ಹಂತ ದಾಟಿತ್ತು. ರಜ್ಜು ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿತ್ತು. ಬೆರಳು ಉಳಿಯಿತು, ಮಡಚುವುದು ಉಳಿಯಲಿಲ್ಲ. ಅವರು ಮತ್ತೆ ಸುಲಿಯಲು ಕೂರಲಿಲ್ಲ. ಮೊದಲ ಎರಡು ದಿನದೊಳಗೆ ಬಂದಿದ್ದರೆ ಅನ್ನುವುದು ನನಗೆ ಇಂದಿಗೂ ಸಂಕಟ. ಹಣ್ಣಾಗಲಿ ಅಂತ ಕಾದರು.

ಗಂಟೆ ಬಾರಿಸಿದರು, ಉಳಿದದ್ದನ್ನು ಓಡಿಸುತ್ತೇನೆ. ಕಿರುಬೆರಳು ಮತ್ತು ಹೆಬ್ಬೆರಳಿನ ಕೊಳವೆಗಳು ಮಣಿಕಟ್ಟಿನವರೆಗೆ ಹೋಗುತ್ತವೆ, ಒಂದರ ಕೀವು ಇನ್ನೊಂದಕ್ಕೆ ದಾಟಬಹುದು. ಗೆಣ್ಣಿನ ಮೇಲೆ ಸಣ್ಣ ಗಾಯ ಇದ್ದರೆ ಯಾರ ಹಲ್ಲಿಗೆ ಗುದ್ದಿದರು ಅಂತ ನಾಚಿಕೆ ಬಿಟ್ಟು ಕೇಳಿ, ಕೀಲಿನೊಳಗೆ ಸೋಂಕು ಇಳಿದಿರಬಹುದು. ನೀರುಗುಳ್ಳೆಗಳ ಗುಂಪು ಕಂಡರೆ ಅದು ಹರ್ಪಿಸ್ ಅನ್ನುವ ವೈರಸ್ ಸೋಂಕು, ಕೊಯ್ಯಬೇಡಿ. ಎಲ್ಲರಿಗೂ ಸಕ್ಕರೆ ಪರೀಕ್ಷೆ ಮಾಡಿಸಿ. ನೋವು ತಗ್ಗಿದ ಕೂಡಲೇ ಬೆರಳು ಆಡಿಸಲು ಹೇಳಿ.

ಅನುಮಾನ ಬಂದರೆ ರಾತ್ರಿಯೇ ಕಳಿಸಿ. ಖಾಲಿ ಹೊಟ್ಟೆಯಲ್ಲಿ ಕಳಿಸಿ. ದಾರಿಯಲ್ಲಿ ಯಾರಾದರೂ ಅಕ್ಕರೆಯಿಂದ ಹಾಲು ಕಾಫಿ ಕುಡಿಸಿದರೆ ಅರಿವಳಿಕೆಗೆ ಆರು ಗಂಟೆ ಕಾಯಬೇಕಾಗುತ್ತದೆ.