ಆಸ್ಪತ್ರೆ ಯಂತ್ರಗಳ ಪೇಟೆ: ಕೊಂಡ ಮೇಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ. ಆಸ್ಪತ್ರೆಗಳಲ್ಲಿ ಬಳಸುವ ಯಂತ್ರೋಪಕರಣಗಳ ವ್ಯಾಪಾರ ಮುಂದೆ ಹೇಗಿರುತ್ತದೆ ಎಂದು ಹತ್ತು ನಿಮಿಷ ಮಾತನಾಡಲು ನನ್ನನ್ನು ಕರೆದಿದ್ದಾರೆ. ಈ ವಿಷಯ ಎತ್ತಿದ ಕೂಡಲೇ ಜನ ಕೇಳುವುದು, "ಸಾರ್, ಯಾವ ಕಂಪನಿಯ ಷೇರು ಕೊಳ್ಳಲಿ?" ಅದು ನನಗೆ ತಿಳಿದಿದ್ದರೆ ಈ ವಯಸ್ಸಿನಲ್ಲಿ ಸ್ಪ್ಯಾನರು, ಮಲ್ಟಿಮೀಟರು ಹೊತ್ತುಕೊಂಡು ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಎಂದು ಬಸ್ಸು ಹತ್ತುತ್ತಿರಲಿಲ್ಲ. ನಾನು ಆಸ್ಪತ್ರೆ ಯಂತ್ರಗಳನ್ನು ರಿಪೇರಿ ಮಾಡುವವನು. ಷೇರು ಪೇಟೆಯವರು ಬೇರೆ ಕಾರ್ಯಕ್ರಮ ಕೇಳಲಿ. ನಾನು ಮಾತನಾಡುತ್ತಿರುವುದು ತಾಲ್ಲೂಕು ಊರುಗಳಲ್ಲಿ ನರ್ಸಿಂಗ್ ಹೋಮ್ ನಡೆಸುವ ವೈದ್ಯರೊಂದಿಗೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮುಂದೇನು ಎಂದು ಕೂತಿರುವ ಮಕ್ಕಳೊಂದಿಗೆ, ಅವರ ತಂದೆ ತಾಯಿಯರೊಂದಿಗೆ.

ಹೇಳಬೇಕಾದದ್ದು ಒಂದೇ ಮಾತು. ಈ ಪೇಟೆಯಲ್ಲಿ ನಮ್ಮ ಕೋಲಾರ ಜಿಲ್ಲೆಯವರಿಗೆ ಸಿಗುವ ದುಡ್ಡು ಯಂತ್ರ ಮಾರುವುದರಲ್ಲಿ ಇಲ್ಲ. ಮಾರಿದ ಯಂತ್ರ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ ಇದೆ.

ಪೇಟೆ ದೊಡ್ಡದು, ಅದರಲ್ಲಿ ಅನುಮಾನ ಬೇಡ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ವೈದ್ಯಕೀಯ ಸಾಧನಗಳ ನೀತಿಗೆ ಒಪ್ಪಿಗೆ ಕೊಟ್ಟಿತು. ಆಗ ಸುಮಾರು 1,100 ಕೋಟಿ ಡಾಲರ್ ಇದ್ದ ಉದ್ಯಮವನ್ನು 2030ರ ಹೊತ್ತಿಗೆ 5,000 ಕೋಟಿ ಡಾಲರ್‌ಗೆ ಏರಿಸಬೇಕು ಎಂಬುದು ಗುರಿ. ಇಲ್ಲೇ ತಯಾರಿಸುವವರಿಗೆ ಪ್ರೋತ್ಸಾಹಧನ ಕೊಡಲು 3,420 ಕೋಟಿ ರೂಪಾಯಿಯ ಯೋಜನೆ 2020ರಲ್ಲೇ ಬಂದಿದೆ. ತಯಾರಿಸುವ ಶಕ್ತಿ ನಮಗಿಲ್ಲ ಎನ್ನುವ ಹಾಗಿಲ್ಲ. ಕೋವಿಡ್ ಬಂದಾಗ ಕೇಂದ್ರ ಸರ್ಕಾರದ ಬಿಇಎಲ್ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜೊತೆ ಸೇರಿ 30,000 ವೆಂಟಿಲೇಟರ್ ತಯಾರಿಸಿ ತೋರಿಸಿತು. ಆದರೂ ಒಟ್ಟಾರೆ ನೋಡಿದರೆ ನಾವು ಬಳಸುವುದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಇಂದಿಗೂ ಹೊರದೇಶದ್ದೇ.

ಹೊರದೇಶದ ಯಂತ್ರ ಕೋಲಾರಕ್ಕೆ ಬಂದು ಇಳಿಯುತ್ತದೆ. ಅದರ ಎಂಜಿನಿಯರ್ ಬೆಂಗಳೂರಿನಲ್ಲಿ ಇರುತ್ತಾನೆ. ಬಿಡಿಭಾಗ ಇನ್ನೂ ದೂರದಲ್ಲಿರುತ್ತದೆ. ಬೇರೆ ವ್ಯವಹಾರದಲ್ಲಿ ನಮ್ಮವರು ಬಹಳ ಹುಷಾರು. ಸೀಮೆ ಹಸು ಕೊಳ್ಳಲು ಹೋದವನು ಹಸುವಿನ ಬೆಲೆಯ ಜೊತೆಗೆ ಹಿಂಡಿ, ಬೂಸಾ, ಹಸಿ ಮೇವು, ಪಶುವೈದ್ಯರ ಖರ್ಚು ಎಲ್ಲ ಕೂಡಿಸಿಯೇ ಹಗ್ಗಕ್ಕೆ ಕೈ ಹಾಕುತ್ತಾನೆ. ಅದೇ ಮನೆಯಿಂದ ಓದಿ ವೈದ್ಯನಾದ ಮಗ ಇಪ್ಪತ್ತು ಲಕ್ಷದ ಯಂತ್ರ ಕೊಳ್ಳುವಾಗ ಬೆಲೆ ಒಂದನ್ನೇ ಚೌಕಾಸಿ ಮಾಡುತ್ತಾನೆ. ದೊಡ್ಡ ಯಂತ್ರವೊಂದರ ವಾರ್ಷಿಕ ನಿರ್ವಹಣೆಗೆ, ಬಿಡಿಭಾಗವೂ ಸೇರಿದ ಒಪ್ಪಂದವಾದರೆ, ಬೆಲೆಯ ನೂರಕ್ಕೆ ಐದರಿಂದ ಎಂಟು ಭಾಗ ಹಿಡಿಯುವುದು ವಾಡಿಕೆ. ಹತ್ತು ವರ್ಷ ಓಡಿಸಿದರೆ ಎಷ್ಟಾಯಿತು, ನೀವೇ ಗುಣಿಸಿ.

ಒಂದು ಪ್ರಸಂಗ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಊರಿನ ಹೆಸರು ಬೇಡ. ನಮ್ಮದೇ ಜಿಲ್ಲೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ಡಯಾಲಿಸಿಸ್ ಘಟಕ ತೆರೆದರು. ಒಳ್ಳೆಯ ಕೆಲಸ, ಅದಕ್ಕೆ ಮುಂಚೆ ಆ ಊರಿನ ಕಿಡ್ನಿ ರೋಗಿಗಳು ವಾರಕ್ಕೆ ಎರಡು ಮೂರು ಸಲ ಬೆಂಗಳೂರಿಗೆ ಹೋಗಿಬರುತ್ತಿದ್ದರು. ಡಯಾಲಿಸಿಸ್ ಎಂದರೆ ನೀರಿನ ಕೆಲಸ. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆ, ಅಂದರೆ ಒಬ್ಬ ರೋಗಿಗೆ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಆ ನೀರಿಗೂ ರೋಗಿಯ ರಕ್ತಕ್ಕೂ ನಡುವೆ ಇರುವುದು ತೆಳ್ಳನೆಯ ಪೊರೆ ಮಾತ್ರ. ನಮ್ಮ ಕಡೆ ನೀರು ಎಲ್ಲಿಂದ ಬರುತ್ತದೆ? ಸಾವಿರ ಅಡಿ ದಾಟಿದ ಕೊಳವೆಬಾವಿಯಿಂದ. ಪಾತ್ರೆಯಲ್ಲಿ ಕಾಯಿಸಿದರೆ ತಳಕ್ಕೆ ಬಿಳಿ ಹಿಟ್ಟು ಕಟ್ಟುವ ಗಡಸು ನೀರು. ಹಾಗಾಗಿ ಘಟಕದ ಹಿಂದಿನ ಕೋಣೆಯಲ್ಲಿ ಮೊದಲು ಸಾಫ್ಟ್‌ನರ್ ಎಂಬ ತೊಟ್ಟಿ, ಆಮೇಲೆ ನೀರನ್ನು ಸೋಸಿ ಶುದ್ಧ ಮಾಡುವ ಆರ್‌ಒ ಇರುತ್ತದೆ. ಸಾಫ್ಟ್‌ನರ್ ನೀರಿನ ಗಡಸನ್ನು ಹಿಡಿದುಕೊಳ್ಳುತ್ತದೆ. ಅದನ್ನು ಆಗಾಗ ಉಪ್ಪುನೀರಿನಲ್ಲಿ ತೊಳೆಯಬೇಕು. ಬರೀ ಉಪ್ಪು, ಬೇರೆ ಏನೂ ಅಲ್ಲ.

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಯಂತ್ರಗಳು ಒಂದೊಂದಾಗಿ ಕೂಗಲು ಶುರುಮಾಡಿದವು. ಪರದೆಯ ಮೇಲೆ ನೀರಿನ ಒತ್ತಡ ಸಾಲದು ಎಂಬ ಸೂಚನೆ. ಯಂತ್ರದ ಕಂಪನಿಗೆ ಫೋನ್ ಹೋಯಿತು. ಬೆಂಗಳೂರಿನಿಂದ ಎಂಜಿನಿಯರ್ ಬಂದ, ಯಂತ್ರದ ಮುಚ್ಚಳ ತೆಗೆದು ನೋಡಿದ, ನಮ್ಮ ಯಂತ್ರ ಸರಿಯಾಗಿದೆ ಎಂದು ಬರೆದುಕೊಟ್ಟು ಹೋದ. ಅವನು ಸುಳ್ಳು ಹೇಳಲಿಲ್ಲ. ಯಂತ್ರ ಸರಿಯಾಗಿಯೇ ಇತ್ತು. ಅಲಾರಾಂ ನಿಲ್ಲಲಿಲ್ಲ. ಮತ್ತೆ ಕರೆಸಿದರು, ಮತ್ತೆ ಅದೇ ಕಾಗದ, ಅದೇ ಬಿಲ್ಲು. ಇತ್ತ ಆರ್‌ಒ ಮಾರಿದವನು ತನ್ನ ವಾರಂಟಿ ಮುಗಿಯಿತು ಎಂದ. ರೋಗಿಗಳು ಮತ್ತೆ ಬೆಳಗಿನ ಜಾವದ ಬೆಂಗಳೂರು ಬಸ್ಸಿಗೆ ನಿಂತರು. ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ, ಇದು ಮುಂದೂಡುವ ಚಿಕಿತ್ಸೆಯಲ್ಲ.

ಕೊನೆಗೆ ನನ್ನ ಬಳಿ ಕೆಲಸ ಕಲಿಯುತ್ತಿದ್ದ ಡಿಪ್ಲೊಮಾ ಹುಡುಗನನ್ನು ಕಳುಹಿಸಿದೆ. ಅವನು ಡಯಾಲಿಸಿಸ್ ಯಂತ್ರವನ್ನು ಮುಟ್ಟಲೇ ಇಲ್ಲ. ನೀರು ಎಲ್ಲಿಂದ ಬರುತ್ತದೆ ಎಂದು ಕೊಳವೆ ಹಿಡಿದು ಹಿಂದಿನ ಕೋಣೆಗೆ ಹೋದ. ಉಪ್ಪಿನ ಡ್ರಮ್ಮಿನ ಮುಚ್ಚಳ ತೆಗೆದರೆ ಒಳಗೆ ಜೇಡರ ಬಲೆ. ಆಯಮ್ಮನನ್ನು ಕೇಳಿದ. "ಉಪ್ಪು ಹಾಕುತ್ತಿದ್ದ ಹುಡುಗ ನರಸಾಪುರದ ಕಾರ್ಖಾನೆಗೆ ಸೇರಿಕೊಂಡನಪ್ಪ, ಆಮೇಲೆ ಯಾರೂ ಹಾಕಿಲ್ಲ" ಎಂದರು ಆಕೆ. ಗಡಸು ನೀರು ನೇರವಾಗಿ ಆರ್‌ಒಗೆ ನುಗ್ಗಿ ಒಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆಯ ಮೇಲೆ ಸುಣ್ಣ ಕಟ್ಟಿತ್ತು, ನೀರು ಹನಿಹನಿಯಾಗಿ ಬರುತ್ತಿತ್ತು. ಮೆಂಬ್ರೇನ್ ಬದಲಾಯಿಸಿ, ಉಪ್ಪು ಹಾಕಿ, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ವರದಿ ಬಂದ ಮೇಲೆ ಘಟಕ ನಡೆಯಿತು. ಲಕ್ಷಗಟ್ಟಲೆಯ ಘಟಕವನ್ನು ನಿಲ್ಲಿಸಿದ್ದು ಒಂದು ಮೂಟೆ ಉಪ್ಪು. ಆ ಹುಡುಗ ಈಗ ಸ್ವಂತವಾಗಿ ಡಯಾಲಿಸಿಸ್ ನೀರಿನ ನಿರ್ವಹಣೆಯ ಗುತ್ತಿಗೆ ಹಿಡಿಯುತ್ತಾನೆ, ಚಿಂತಾಮಣಿಯವರೆಗೂ ಹೋಗುತ್ತಾನೆ. ನನಗೆ ಫೋನ್ ಮಾಡಲೂ ಅವನಿಗೆ ಪುರುಸೊತ್ತಿಲ್ಲ.

ಈ ಕೆಲಸ ವಿದೇಶಿ ಕಂಪನಿ ಮಾಡುವುದಿಲ್ಲ, ಮಾಡಲೂ ಆಗುವುದಿಲ್ಲ. ನಮ್ಮ ನೀರು ನಮಗೇ ಗೊತ್ತು. ವೆಂಟಿಲೇಟರ್‌ನ ಆಕ್ಸಿಜನ್ ಸೆನ್ಸರ್ ಬಳಸಿದರೂ ಸವೆಯುತ್ತದೆ, ಮೂಲೆಯಲ್ಲಿ ನಿಂತಿದ್ದರೂ ಸವೆಯುತ್ತದೆ. ಹೃದಯದ ಬಡಿತ ಸರಿಪಡಿಸಲು ಶಾಕ್ ಕೊಡುವ ಡಿಫಿಬ್ರಿಲೇಟರ್‌ನ ಬ್ಯಾಟರಿ ಕೈಕೊಡುವುದು ಬೇಕಾದ ದಿನವೇ. ಬಿಪಿ ಉಪಕರಣ, ಸಿರಿಂಜ್ ಪಂಪು, ಮಕ್ಕಳ ವಾರ್ಮರ್ ಸರಿಯಾದ ಅಳತೆ ತೋರಿಸುತ್ತಿವೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆ ಬೇಕೆನ್ನುವವರು ಆ ಪರೀಕ್ಷೆಯ ಪ್ರಮಾಣಪತ್ರ ತೋರಿಸಲೇಬೇಕು. ಇದೆಲ್ಲ ಕೆಲಸ, ಇದೆಲ್ಲ ಕೂಲಿ, ಇದೇ ಪೇಟೆ. ಸರ್ಕಾರಕ್ಕೂ ಇದು ತಿಳಿದಿದೆ. 2015ರಲ್ಲಿ ಶುರುವಾದ ಜೈವಿಕ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯ ಯಂತ್ರಗಳು ನೂರರಲ್ಲಿ 95 ಪಾಲು ಸಮಯ, ಸಮುದಾಯ ಆರೋಗ್ಯ ಕೇಂದ್ರದವು 90, ಪ್ರಾಥಮಿಕ ಆರೋಗ್ಯ ಕೇಂದ್ರದವು 80 ಪಾಲು ಸಮಯ ನಡೆಯುತ್ತಿರಬೇಕು ಎಂದು ನಿಗದಿಪಡಿಸಿದರು.

ಮಾರುವವರಿಗಂತೂ ಇದು ಎಂದೋ ತಿಳಿದಿದೆ. ಲ್ಯಾಬಿಗೆ ರಕ್ತ ಪರೀಕ್ಷೆಯ ಯಂತ್ರವನ್ನು ಪುಕ್ಕಟೆಯಾಗಿ ತಂದಿಟ್ಟು, ಪರೀಕ್ಷೆಗೆ ಬೇಕಾಗುವ ರಾಸಾಯನಿಕ, ಅಂದರೆ ರೀಜೆಂಟ್ ಮಾತ್ರ ನಮ್ಮಿಂದಲೇ ಕೊಳ್ಳಿ ಎನ್ನುತ್ತಾರಲ್ಲ, ಅದು ಧರ್ಮಕ್ಕಲ್ಲ ಸ್ವಾಮಿ.

ಕಥೆಗೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ವೈದ್ಯಕೀಯ ಉಪಕರಣಗಳ ಜಿಎಸ್‌ಟಿ ಶೇಕಡಾ 5ಕ್ಕೆ ಇಳಿದಿದೆ. ಕೊಳ್ಳುವವರಿಗೆ ಸಂತೋಷ. ರಿಪೇರಿಯ ಸೇವೆಗೆ ಮಾತ್ರ 18 ಹಾಗೆಯೇ ಇದೆ. ಹಾಳಾದದ್ದನ್ನು ಸರಿಪಡಿಸುವವನ ಮೇಲೆ ಯಾರಿಗೂ ಕನಿಕರವಿಲ್ಲ. ಆಮೇಲೆ ಪರವಾನಗಿ: ಉಪಕರಣಗಳನ್ನು ಎ, ಬಿ, ಸಿ, ಡಿ ಎಂದು ಅಪಾಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ವೆಂಟಿಲೇಟರ್‌ನಂಥ ಹೆಚ್ಚು ಅಪಾಯದ ಸಿ ಮತ್ತು ಡಿ ದರ್ಜೆಯವನ್ನು ತಯಾರಿಸಲು, ಆಮದು ಮಾಡಲು 2023ರ ಅಕ್ಟೋಬರ್‌ನಿಂದ ಪರವಾನಗಿ ಕಡ್ಡಾಯ. ಸಣ್ಣ ವ್ಯಾಪಾರಿಗಳು ಇದನ್ನು ಶಾಪ ಎನ್ನುತ್ತಾರೆ, ನಾನು ಒಳ್ಳೆಯದಾಯಿತು ಎನ್ನುತ್ತೇನೆ.

ಕೃತಕ ಬುದ್ಧಿಮತ್ತೆ ನಿಮ್ಮ ಕೆಲಸ ಕಿತ್ತುಕೊಳ್ಳುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದಲ್ಲಿರುವ ತಜ್ಞರು ನೋಡಿ ಸಲಹೆ ಕೊಡುತ್ತಾರೆ, ಜೀವ ಉಳಿಯುತ್ತಿದೆ. ನಾಳೆ ಇನ್ನೂ ಚುರುಕಾದ ತಂತ್ರಾಂಶ ಬರಲಿ. ಇಸಿಜಿ ಯಂತ್ರದಿಂದ ರೋಗಿಯ ಮೈಗೆ ಹೋಗುವ ಲೀಡ್ ವೈರ್ ಒಳಗೇ ತುಂಡಾಗಿದ್ದರೆ ಯಾವ ತಜ್ಞ, ಯಾವ ತಂತ್ರಾಂಶ ಏನನ್ನು ಓದಬೇಕು? ಆ ವೈರ್ ಬದಲಾಯಿಸುವವನು ಊರಿನಲ್ಲೇ ಇರಬೇಕು.

ಆದ್ದರಿಂದ ವೈದ್ಯರೇ, ಖರೀದಿ ಆದೇಶಕ್ಕೆ ಸಹಿ ಹಾಕುವ ಮುಂಚೆ ಮೂರು ಸಂಗತಿ ಬರೆಸಿಕೊಳ್ಳಿ: ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರುತ್ತಾರೆ, ಎಷ್ಟು ವರ್ಷ ಬಿಡಿಭಾಗ ಕೊಡುತ್ತಾರೆ, ವಾರಂಟಿ ಮುಗಿದ ಮೇಲಿನ ನಿರ್ವಹಣೆಯ ದರ ಎಷ್ಟು. ಆ ದರವನ್ನು ಕೊಳ್ಳುವ ದಿನವೇ ಗೊತ್ತುಮಾಡಿ, ಆಮೇಲೆ ಅವರು ಹೇಳಿದ್ದೇ ಬೆಲೆ. ಇನ್ನು ಕೈಯಲ್ಲಿ ಹಿಡಿದು ತೆಗೆಯುವ ಪುಟ್ಟ ಎಕ್ಸ್‌ರೇ ಬಗ್ಗೆ ಈಗ ಎಲ್ಲರೂ ವಿಚಾರಿಸುತ್ತಿದ್ದಾರೆ. ಗಾತ್ರ ಚಿಕ್ಕದಾದ ಮಾತ್ರಕ್ಕೆ ಕಾನೂನು ಚಿಕ್ಕದಾಗುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಅದಕ್ಕೂ ಬೇಕು. ಆ ಕಾಗದ ಕೈಗೆ ಬರುವ ತನಕ ಯಂತ್ರವನ್ನು ಬಳಸಬೇಡಿ. ನಮಸ್ಕಾರ.