ಕಡ್ಲೆಕಾಯಿ ಸುತ್ತಿದ ಪೇಪರ್ ಮತ್ತು ರೋಜರ್ ಈಬರ್ಟ್

ನಮಸ್ಕಾರ. ಹೋದ ತಿಂಗಳು ಮೈಸೂರಿನ ಗಾಯತ್ರಿ ಟಾಕೀಸಿನಲ್ಲಿ ಸಿನಿಮಾ ಮುಗಿಸಿ ಹೊರಗೆ ಬರುತ್ತಿದ್ದೆ. ಗೇಟಿನ ಹತ್ತಿರ ಮಂಡ್ಯ ಕಡೆಯ ಯಜಮಾನರೊಬ್ಬರು ಕೈಯಲ್ಲಿದ್ದ ಪೊಟ್ಟಣ ಬಿಚ್ಚುತ್ತಾ ಪಕ್ಕದವರಿಗೆ ಹೇಳಿದರು: "ಈ ಕಡ್ಲೆಕಾಯಿ ಸುತ್ತಿರೋ ಪೇಪರ್ನಲ್ಲಿ ಇದ್ಕಿಂತ ಒಳ್ಳೆ ಕತೆ ಅದೆ ಕನಪ್ಪ."

ಸುತ್ತ ಇದ್ದವರೆಲ್ಲ ನಕ್ಕರು. ಅವರು ಯಾರನ್ನೂ ಬೈಯಲಿಲ್ಲ. ಆದರೆ ಸಿನಿಮಾಗೆ ನೋವು ಎಲ್ಲಿದೆಯೋ ಅಲ್ಲೇ ಬೆರಳಿಟ್ಟರು. ಕತೆಯೇ ಇರಲಿಲ್ಲ, ಅಲ್ವಾ?

(ತೆರೆಯ ಮೇಲೆ: ಈಬರ್ಟ್ ಫೋಟೋ)

ಯಾರನ್ನೂ ಬೈಯದೆ ಸಿನಿಮಾದ ತಪ್ಪನ್ನಷ್ಟೇ ಕುಟುಕುವ ಈ ವಿದ್ಯೆಯಲ್ಲಿ ನನಗೆ ತುಂಬಾ ಇಷ್ಟವಾದವರು ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್. 1967ರಿಂದ 2013ರಲ್ಲಿ ತೀರಿಹೋಗುವವರೆಗೂ 'ಶಿಕಾಗೋ ಸನ್-ಟೈಮ್ಸ್' ಪತ್ರಿಕೆಗೆ ವಿಮರ್ಶೆ ಬರೆದರು. 1975ರಲ್ಲಿ ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಸಿನಿಮಾ ವಿಮರ್ಶಕರೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

2003, ಫ್ರಾನ್ಸಿನ ಕಾನ್ ಚಿತ್ರೋತ್ಸವ. ವಿನ್ಸೆಂಟ್ ಗ್ಯಾಲೋ ನಿರ್ದೇಶಿಸಿ, ತಾವೇ ನಟಿಸಿದ 'ದಿ ಬ್ರೌನ್ ಬನ್ನಿ' ತೆರೆಗೆ ಬಂತು. ಕಾನ್ ಇತಿಹಾಸದಲ್ಲೇ ಇಷ್ಟು ಕೆಟ್ಟ ಸಿನಿಮಾ ಬಂದಿಲ್ಲ ಅಂದುಬಿಟ್ಟರು ಈಬರ್ಟ್. ಗ್ಯಾಲೋಗೆ ರೇಗಿತು. ಈಬರ್ಟ್ ದಪ್ಪ ಆಳು. ಅದನ್ನೇ ಹಿಡಿದು 'ಕೊಬ್ಬಿದ ಹಂದಿ' ಅಂತ ಬೈದರು.

ಈಬರ್ಟ್ ಉತ್ತರ ಹೀಗಿತ್ತು: ನಾನು ದಪ್ಪ ಇರೋದು ನಿಜ. ಒಂದಲ್ಲ ಒಂದು ದಿನ ಸಣ್ಣ ಆಗ್ತೀನಿ. ಆಗಲೂ ಆತ 'ದಿ ಬ್ರೌನ್ ಬನ್ನಿ' ಮಾಡಿದ ನಿರ್ದೇಶಕನಾಗೇ ಇರ್ತಾನೆ.

ಸ್ವಲ್ಪ ನಿಧಾನವಾಗಿ ನೋಡಿ. ಮೊದಲು ಬೈಗುಳವನ್ನೇ ಒಪ್ಪಿಕೊಂಡರು. ಅಲ್ಲಿಗೆ ಬೈದವರ ಬಾಯಿ ಕಟ್ಟಿತು. ಆಮೇಲೆ ಮೈಯ ವಿಷಯ ಬಿಟ್ಟು, ಮಾತನ್ನು ಸೀದಾ ಸಿನಿಮಾಗೇ ತಂದು ನಿಲ್ಲಿಸಿದರು. ಗ್ಯಾಲೋ ಮುಖ, ಮೂಗು ಯಾವುದನ್ನೂ ಮುಟ್ಟಲಿಲ್ಲ. ಮುಟ್ಟಿದ್ದು ಅವರು ಮಾಡಿದ ಕೆಲಸವನ್ನು. ಎಷ್ಟು ಚಂದದ ಪೆಟ್ಟು!

ಮುಂದೆ ಆಗಿದ್ದು ನನಗೆ ಇನ್ನೂ ಜಾಸ್ತಿ ಇಷ್ಟ. ಗ್ಯಾಲೋ ಸಿನಿಮಾಗೆ ಕತ್ತರಿ ಹಾಕಿ ಸುಮಾರು 26 ನಿಮಿಷ ತೆಗೆದರು. 2004ರಲ್ಲಿ ಈಬರ್ಟ್ ಹೊಸ ರೂಪ ನೋಡಿ ಮತ್ತೆ ಬರೆದರು. ನಾಲ್ಕಕ್ಕೆ ಮೂರು ಸ್ಟಾರ್! ಎಡಿಟಿಂಗ್ ಸಿನಿಮಾದ ಆತ್ಮ ಅಂತಾರೆ, ಈ ಸಿನಿಮಾಗೆ ಮೋಕ್ಷ ಸಿಕ್ಕಿದ್ದೂ ಅದರಿಂದಲೇ ಅಂದರು. ಮನಸ್ಸಲ್ಲಿ ಹಗೆ ಇಟ್ಟುಕೊಂಡವರಿಗೆ ಹೀಗೆ ಬರೆಯೋಕೆ ಆಗಲ್ಲ.

ಈಗ ಎಷ್ಟೋ ವಿಮರ್ಶೆಗಳಲ್ಲಿ ನಟನ ಬಣ್ಣ, ನಟಿಯ ಮೈಕಟ್ಟು ಹಿಡಿದು ಆಡಿಕೊಳ್ಳುತ್ತಾರೆ. ಕೇಳಿದರೆ ಹೊಟ್ಟೆ ಉರಿಯುತ್ತೆ. ಸಿನಿಮಾ ಏಕೆ ಕೆಟ್ಟಿತು ಅಂತ ಅದರಿಂದ ಏನೂ ಗೊತ್ತಾಗಲ್ಲ.

ಅವತ್ತು ಆ ಯಜಮಾನರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪೊಟ್ಟಣ ಮಡಚಿ ಜೇಬಿಗಿಟ್ಟುಕೊಂಡು, "ಆ ಅಜ್ಜಿ ಪಾರ್ಟು ಮಾಡವ್ರಲ್ಲ, ಅವ್ರು ಮಾತ್ರ ಚೆನ್ನಾಗ್ ಮಾಡವ್ರೆ. ಅವ್ರಿಗೋಸ್ಕರ ಇನ್ನೊಂದ್ಸಲ ಬೇಕಾದ್ರೂ ಕೂತ್ಕತೀನಿ" ಅಂದರು.