ಪುಟ ತಿರುಗಿಸಿ, ಇಸವಿ ನೋಡಿ

ಕೇಳುಗರಿಗೆ ನಮಸ್ಕಾರ. ಕಾಲೇಜಿನ ಗ್ರಂಥಪಾಲಕರು, ಊರಿನ ಅರಿವು ಕೇಂದ್ರ ನೋಡಿಕೊಳ್ಳುವ ಮೇಲ್ವಿಚಾರಕರು, ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳು, ಇವತ್ತಿನ ಮಾತು ನಿಮಗೆ.

ಕಂಪ್ಯೂಟರ್ ಪುಸ್ತಕ ಕೈಗೆ ಬಂದರೆ ಮೊದಲು ಏನು ನೋಡಬೇಕು? ಹೊದಿಕೆಯ ಚಿತ್ರ ಬೇಡ. ದಪ್ಪ ಬೇಡ. ಶೀರ್ಷಿಕೆ ಪುಟ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರ ಓದಿ. ಅಲ್ಲಿ ಎರಡು ಪದ ಸಿಗುತ್ತವೆ, ಎಡಿಷನ್ ಮತ್ತು ರೀಪ್ರಿಂಟ್. ಎಡಿಷನ್ ಬದಲಾದರೆ ಪಾಠ ತಿದ್ದಿದ್ದಾರೆ. ರೀಪ್ರಿಂಟ್ ಅಂದರೆ ಅದೇ ಪಾಠ, ಹೊಸ ಕಾಗದ. ಕಂಪ್ಯೂಟರ್ ಪುಸ್ತಕದ ವಯಸ್ಸು ಹೇಳುವುದು ಎಡಿಷನ್ನಿನ ಇಸವಿ.

ನಾನು ಕಾಲೇಜು ಲೈಬ್ರರಿಯಲ್ಲಿದ್ದಾಗ ಒಬ್ಬ ಹುಡುಗಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪುಸ್ತಕ ತೆಗೆದುಕೊಂಡು ಹೋದಳು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ದಿನಾ ಸಂಜೆ ಲ್ಯಾಬಿನಲ್ಲಿ ಅರ್ಧ ಗಂಟೆ ಸಿಗುತ್ತಿತ್ತು. ಪುಸ್ತಕದಲ್ಲಿ ಇದ್ದ ಹಾಗೇ ಟೈಪ್ ಮಾಡುತ್ತಾಳೆ, ಮೊದಲ ಸಾಲಿಗೇ ತಪ್ಪು ಅನ್ನುತ್ತದೆ. ಅಳಿಸಿ ಮತ್ತೆ ಟೈಪ್ ಮಾಡುತ್ತಾಳೆ. ಹೀಗೆ ಮೂರು ಸಂಜೆ. ನಾಲ್ಕನೇ ದಿನ ಯಾರೋ ಪ್ರಿಂಟ್ ಎಂಬ ಪದದ ನಂತರ ಬರುವುದಕ್ಕೆ ಆವರಣ ಚಿಹ್ನೆ ಹಾಕಿಕೊಟ್ಟರು, ಪ್ರೋಗ್ರಾಂ ಓಡಿತು. ಆದರೆ 7ನ್ನು 2ರಿಂದ ಭಾಗಿಸುವ ಲೆಕ್ಕಕ್ಕೆ ಪುಸ್ತಕದಲ್ಲಿ 3 ಅಂತ ಇದೆ, ಪರದೆ ಮೇಲೆ 3.5 ಬಂತು. ಅವಳು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ 3.5 ಅಳಿಸಿ 3 ಅಂತ ಬರೆದುಕೊಂಡಳು. ಅಳಿಸಿದ ಗುರುತು ನನಗೆ ತೋರಿಸಿ, "ಸರ್, ನನಗೆ ಇದು ಬರಲ್ಲ ಅನ್ಸುತ್ತೆ" ಅಂದಳು.

ಪುಸ್ತಕ ತಿರುಗಿಸಿ ನೋಡಿದೆ. ಮೊದಲ ಎಡಿಷನ್ 2009. ರೀಪ್ರಿಂಟ್ 2021. ಒಳಗಿದ್ದದ್ದು ಪೈಥಾನ್ 2, ಆ ಭಾಷೆಯ ಹಳೆಯ ಆವೃತ್ತಿ. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. 2020ರ ಜನವರಿ 1ಕ್ಕೆ ಪೈಥಾನ್ 2ಕ್ಕೆ ಬೆಂಬಲವೇ ನಿಂತುಹೋಗಿತ್ತು. ಎರಡು ಪೂರ್ಣ ಸಂಖ್ಯೆಗಳನ್ನು ಭಾಗಿಸಿದರೆ ಹಳೆಯದು ದಶಮಾಂಶ ಬಿಟ್ಟುಬಿಡುತ್ತಿತ್ತು, ಹೊಸದು ಬಿಡುವುದಿಲ್ಲ. ಹುಡುಗಿಯ ತಪ್ಪು ಏನೂ ಇರಲಿಲ್ಲ. ಆ ಪುಸ್ತಕದ ಬಿಲ್ಲಿಗೆ ಸಹಿ ಹಾಕಿದವನು ನಾನು. 2021 ಅಂತ ನೋಡಿ ಹೊಸದು ಅಂದುಕೊಂಡಿದ್ದೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಎಡಿಷನ್ನಿನ ಇಸವಿ ನೋಡಿ. ಸಪ್ಲೈಯರ್ ಕೊಡುವ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಕೇಳಿ. ಕೇಳುವುದಕ್ಕೆ ಸಂಕೋಚ ಯಾಕೆ? ದಾನವಾಗಿ ಬಂದ ಪುಸ್ತಕಕ್ಕೂ ಇದೇ ಮಾತು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಸಿ ಪ್ಲಸ್ ಪ್ಲಸ್ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆ; ಅದರ ಪುಸ್ತಕದ ಮೊದಲ ಪ್ರೋಗ್ರಾಂನಲ್ಲೇ 'ಐಓಸ್ಟ್ರೀಮ್ ಡಾಟ್ ಎಚ್' ಅಂತ ಇದ್ದರೆ ಅದು ಆ ಭಾಷೆಯ 1998ರ ಮಾನದಂಡಕ್ಕೂ ಹಿಂದಿನ ಪಾಠ. ಹಳೆಯದೆಲ್ಲ ಕೆಟ್ಟದ್ದು ಅಂತಲ್ಲ. ಸಾರ್ಟಿಂಗ್, ಸರ್ಚಿಂಗ್, ಅಂದರೆ ಮಾಹಿತಿಯನ್ನು ಕ್ರಮವಾಗಿ ಜೋಡಿಸುವುದು, ಹುಡುಕುವುದು ಹೇಳಿಕೊಡುವ ಒಳ್ಳೆಯ ಪುಸ್ತಕ 30 ವರ್ಷ ಕಳೆದರೂ ಕೆಲಸಕ್ಕೆ ಬರುತ್ತದೆ, ಅದನ್ನು ಕಪಾಟಿನಿಂದ ತೆಗೆಯಬೇಡಿ. ಮಕ್ಕಳೇ, ಪುಸ್ತಕ ಕೊಳ್ಳುವ ಮೊದಲು ಅದರಿಂದ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡು ಹೋಗಿ ಓಡಿಸಿ ನೋಡಿ. ಓಡದಿದ್ದರೆ ನಿಮ್ಮನ್ನು ಬೈದುಕೊಳ್ಳುವ ಮೊದಲು ಪುಟ ತಿರುಗಿಸಿ.

ಆ ಪುಸ್ತಕದ ಮೊದಲ ಪುಟಕ್ಕೆ ಅವತ್ತೇ ಒಂದು ಚೀಟಿ ಅಂಟಿಸಿದೆ: 'ಇದು ಪೈಥಾನ್ 2. ಹೊಸದಾಗಿ ಕಲಿಯುವವರು ಪಕ್ಕದ ಪುಸ್ತಕ ತೆಗೆದುಕೊಳ್ಳಿ.' ಚೀಟಿ ಬರೆದವಳು ಆ ಹುಡುಗಿಯೇ. ನಮಸ್ಕಾರ.